ಹನ್ನೊಂದು ಜನ, ನಲವತ್ತು ಕುರ್ಚಿ

ಬೆಳಗಿನ ಏಳರ ವಾರ್ತೆಯಲ್ಲಿ ನಲವತ್ತೊಂದು.
ಮೊಟ್ಟೆ ಬೇಯಲು ಇಟ್ಟಿದ್ದೆ. ಒಲೆ ಆರಿಸಿದೆ,
ಮೊಟ್ಟೆ ತೆಗೆಯುವುದು ಮರೆತೆ.
ಮಧ್ಯಾಹ್ನ ಮೀನಿನ ಗೋದಾಮಿನಲ್ಲಿ
ಬಂಗಡೆಯ ಪೆಟ್ಟಿಗೆಗಳ ಲೆಕ್ಕ ಬರೆಯುತ್ತಿದ್ದಾಗ
ರೇಡಿಯೋ ಅಂದಿತು: ಅರವತ್ತೇಳು.
ಪೆನ್ನು ಅದನ್ನೇ ಬರೆದುಬಿಟ್ಟಿತು, ಪೆಟ್ಟಿಗೆಗಳ ಸಾಲಿನಲ್ಲಿ.
ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾದ್ದು ಬರೆದು
ಚಿಕ್ಕದಾಗಿ ಸಹಿ ಹಾಕಿದೆ, ನಿಯಮದಂತೆ.

ಅದು ಶಾಲೆಯಂತೆ.
ಆ ಊರಿನ ಹೆಸರನ್ನು ವಾರ್ತೆಯವಳು
ಮೂರು ಸಲ ಮೂರು ಥರ ಉಚ್ಚರಿಸಿದಳು.
ನಾನೂ ಹೇಳಿ ನೋಡಿದೆ, ಯಾರೂ ಇಲ್ಲದಾಗ,
ಬಿಸಿ ಆಲೂಗಡ್ಡೆ ಬಾಯಲ್ಲಿಟ್ಟುಕೊಂಡ ಹಾಗೆ.

ಸಂಜೆ ಮನೆಯಲ್ಲೇ ಇದ್ದರೆ
ಎಂಬತ್ತು ದಾಟುವುದನ್ನು ಕಾಯುತ್ತ ಕೂರಬೇಕಿತ್ತು.
ಕಾಯುವುದು! ದನ ಕಾಯುವ, ಮನೆ ಕಾಯುವ ಮಾತು ಅದು,
ಇದಕ್ಕಲ್ಲ.
ಕೋಟು ಹಾಕಿದೆ. ಕಿಲ್ಲಿಬೆಗ್ಸಿನ ಗ್ರಂಥಾಲಯದಲ್ಲಿ
ನಿವೃತ್ತ ಪೋಸ್ಟ್‌ಮನ್ ಕಾಂಡಿ ಕೀನಿ
ತನ್ನ ಪುಸ್ತಕ ಓದುತ್ತಾನೆಂದು
ಮಾಂಸದಂಗಡಿಯ ಗಾಜಿಗೆ ಚೀಟಿ ಅಂಟಿಸಿದ್ದರು:
‘ನನ್ನನ್ನು ಕಚ್ಚಿದ ನಾಯಿಗಳು’.

ಅಟ್ರಾಕ್ಟಾ ನಲವತ್ತು ಕುರ್ಚಿ ಹಾಕಿದ್ದಳು.
ಪ್ರತಿ ಸಲವೂ ನಲವತ್ತೇ, ಅದು ಅವಳ ಶ್ರದ್ಧೆ.
ನಾವು ಹನ್ನೊಂದು ಜನ,
ನಡುವೆ ಎರಡೆರಡು ಖಾಲಿ ಬಿಟ್ಟು ಕೂತೆವು.
ಯಾರೂ ಆ ಸುದ್ದಿ ಎತ್ತಲಿಲ್ಲ.
ಎಲ್ಲರೂ ಕೇಳಿದ್ದರು, ಅದು ಗೊತ್ತಾಗುತ್ತಿತ್ತು:
ಗಾಳಿಯ ಬಗ್ಗೆ ಅಷ್ಟು ಮೆತ್ತಗೆ
ಈ ಊರಲ್ಲಿ ಯಾರೂ ಮಾತಾಡಿದವರಲ್ಲ.

ಮೊದಲ ನಾಯಿ ಪಾದ್ರಿಯದು, ಹೆಸರು ಬಿಷಪ್.
ಕರೆಂಟ್ ಬಿಲ್ಲು ತಂದ ದಿನ ಮಾತ್ರ ಕಚ್ಚುತ್ತಿತ್ತಂತೆ.
ಎರಡನೆಯದಕ್ಕೆ ಕಣ್ಣಿಲ್ಲ, ವಾಸನೆಯಲ್ಲೇ ಗುರಿ.
ಮೂರನೆಯದು ಕಚ್ಚಿ, ಆಮೇಲೆ ಎರಡು ಮೈಲಿ
ಹಿಂದೆ ಹಿಂದೆಯೇ ಬಂತಂತೆ, ತಪ್ಪಾಯಿತು ಅನ್ನುವ ಹಾಗೆ.
ನಕ್ಕೆ. ಹೊಟ್ಟೆ ಹುಣ್ಣಾಗುವಂತೆ, ಕಣ್ಣಲ್ಲಿ ನೀರು ಬರುವಂತೆ.
ಬಂದ ನೀರು ನಿಲ್ಲಲಿಲ್ಲ.
ಎರಡು ಕುರ್ಚಿ ಆಚೆಯಿದ್ದ, ಡೀಸೆಲ್ ಮಾರುವ ಲೋರ್ಕನ್
ಕೈ ಚಾಚಿದ. ಎಟುಕಲಿಲ್ಲ.
ಕರವಸ್ತ್ರವನ್ನು ಖಾಲಿ ಕುರ್ಚಿಯ ಮೇಲಿಟ್ಟ.

‘ಇದು ಕ್ಯಾಸಿಡಿಯವರ ನಾಯಿ,’
ಎಂದು ನಾಲ್ಕನೆಯ ಅಧ್ಯಾಯ ತೆರೆದ ಕಾಂಡಿ
ಪುಟವನ್ನೇ ನೋಡುತ್ತ ನಿಂತ.
ನಮಗೆಲ್ಲ ಗೊತ್ತು. ದೋಣಿ ಮುಳುಗಿದಾಗ
ತಂದೆ, ಇಬ್ಬರು ಮಕ್ಕಳು. ಇಪ್ಪತ್ತಾರು ವರ್ಷವಾಯಿತು.
ಆಮೇಲೂ ಆ ಮೂವರ ಹೆಸರಿಗೆ ಬಂದದ್ದನ್ನೆಲ್ಲ
ಇವನೇ ಹೊತ್ತು ತಂದು ಹಾಕಬೇಕಾಯಿತು,
ದೋಣಿಯ ಲೈಸೆನ್ಸು, ಬೀಜದ ಕ್ಯಾಟಲಾಗು,
ಹಲ್ಲಿನ ಡಾಕ್ಟರು ಕಳಿಸಿದ ನೆನಪಿನ ಕಾರ್ಡು.
‘ಆ ನಾಯಿ ಮತ್ತೆ ನನ್ನನ್ನು ಕಚ್ಚಲಿಲ್ಲ,
ಗೇಟಿಗೆ ಬಂದು ಕೈ ಮೂಸುತ್ತಿತ್ತು, ಅಷ್ಟೆ.
ಕಚ್ಚಿದ್ದರೆ ಚೆನ್ನಾಗಿತ್ತು.’
ಈ ಮಾತು ಪುಸ್ತಕದಲ್ಲಿಲ್ಲ. ಆಮೇಲೆ ಹುಡುಕಿ ನೋಡಿದೆ.
ಐದನೆಯ ನಾಯಿಗೆ ಹೋದ.

ನಾನು ಅರವತ್ತೇಳನ್ನು ಮೂರರಿಂದ ಭಾಗಿಸತೊಡಗಿದ್ದೆ,
ಬಂದದ್ದನ್ನು ಇಪ್ಪತ್ತಾರರಿಂದ ಗುಣಿಸೋಣವೆಂದು.
ಅಟ್ರಾಕ್ಟಾ ಚಹಾ ತಂದು ಕೈಗಿತ್ತಳು.
ಆ ಊರಿಗೂ ಒಬ್ಬ ಅಂಚೆಯವನಿರಬೇಕಲ್ಲ,
ಚೀಲದಲ್ಲಿ ಏನೇನು ಹೊತ್ತುಕೊಂಡು ನಾಳೆ ಬೆಳಗ್ಗೆ
ಯಾವ ಬಾಗಿಲ ಮುಂದೆ ನಿಲ್ಲುವವನು?

ಒಂದು ಪ್ರತಿ ಕೊಂಡೆ. ‘ಯಾರ ಹೆಸರಿಗೆ?’ ಕೇಳಿದ ಕಾಂಡಿ.
‘ಪೋಸ್ಟ್‌ಮನ್ನನಿಗೆ.’
‘ಯಾವ ಊರು?’
ಬಾಯಿಗೆ ಬರಲಿಲ್ಲ. ಒಂದೊಂದೇ ಅಕ್ಷರ ಹೇಳಿದೆ.
ಲಕೋಟೆಯ ಮೇಲೆ ಬರೆಯುವ ಹಾಗೆ
ದಪ್ಪಕ್ಷರದಲ್ಲಿ, ಬಿಡಿಬಿಡಿಯಾಗಿ ಬರೆಯುತ್ತ ಹೋದವನಿಗೆ
ಐದನೆಯದರ ಹೊತ್ತಿಗೆ ಹೊಳೆಯಿತು.
ಪೆನ್ನು ಎತ್ತಲಿಲ್ಲ, ಕೊನೆಯವರೆಗೂ ಬರೆದ,
ಕೆಳಗೊಂದು ಗೆರೆ ಎಳೆದ.
ದುಡ್ಡು ಬೇಡವೆಂದ. ಮೇಜಿನ ಮೇಲಿಟ್ಟು ಬಂದೆ.

ಅಟ್ರಾಕ್ಟಾಳ ಜೊತೆ ಕುರ್ಚಿಗಳನ್ನು ಮಡಚಿದೆ.
ಯಾರೂ ಕೂರದವೂ ಕೂತವುಗಳಷ್ಟೇ ಭಾರ.

ಮನೆಗೆ ಬಂದು ರೇಡಿಯೋ ಹಾಕಬಾರದೆಂದುಕೊಂಡೆ.
ಹಾಕಿದೆ. ಎಂಬತ್ತಮೂರು.
ಬೆಳಗಿನ ಮೊಟ್ಟೆ ಪಾತ್ರೆಯ ತಣ್ಣೀರಲ್ಲೇ ಇತ್ತು.
ಸುಲಿದೆ. ನಿಂತೇ ತಿಂದೆ,
ಉಪ್ಪು ಹಾಕದೆ.